ಕಲ್ಲು ಆರುವ ತನಕ

ಗಡಿಯಾರ ಮುಂದಕ್ಕೆ ಹೋದ ಮೊದಲ ಬೇಸಿಗೆ ಕಾಗಿಣಾ ಹೊಳೆಯ ದಂಡೆಯ ಜನ ಅದನ್ನು ನಗೆಚಾಟಿಕೆ ಮಾಡಿಕೊಂಡರು. "ಸರಕಾರದೋರು ನಮಗ ಹೇಳ್ಯಾರ ಖರೆ, ಸೂರ್ಯಗ ಯಾರ್ ಹೇಳ್ಯಾರ?" ಎಂದು ಚಹಾದಂಗಡಿಯಲ್ಲಿ ಒಬ್ಬ ಕೇಳಿದರೆ, "ಅವಗೂ ನೋಟೀಸ್ ಕಳಸ್ಯಾರಂತ. ಮನ್ಯಾಗ ಇಲ್ಲಂತ ವಾಪಸ್ ಬಂದದಂತ" ಎಂದು ಇನ್ನೊಬ್ಬ ಅನ್ನುವನು. ಈ ನಗೆ ಯುಗಾದಿಯ ತನಕ ನಡೆಯಿತು. ಆಮೇಲೆ ಬಿಸಿಲು ಬಂತು.

ಗಡಿಯಾರ ತಿರುಗಿಸಿದ ಕಾರಣವೇನೂ ಗೂಢವಾದದ್ದಲ್ಲ. ದೇಶಕ್ಕೆ ದೇಶವೇ ಬಿಸಿಲಿನ ವಿದ್ಯುತ್ತಿನ ಮೇಲೆ ನಡೆಯುತ್ತಿದ್ದ ಕಾಲ ಅದು. ಹಗಲಿಗೆ ಚೆಲ್ಲುವಷ್ಟು ವಿದ್ಯುತ್ತು, ಹೊತ್ತು ಮುಳುಗಿತೆಂದರೆ ಬರ. ಸಂಜೆ ಮನೆಮನೆಯಲ್ಲಿ ದೀಪ, ಫ್ಯಾನು, ಒಲೆ ಒಮ್ಮೆಗೇ ಹೊತ್ತಿಕೊಂಡಾಗ ಊರಾಚೆಯ ಬ್ಯಾಟರಿ ಮನೆಗಳು ಏದುಸಿರು ಬಿಡುತ್ತಿದ್ದವು. ಸೂರ್ಯನನ್ನು ತಡೆದು ನಿಲ್ಲಿಸಲಾಗದು. ಆದರೆ ಜನರ ಸಂಜೆಯನ್ನು ಬೆಳಕಿನೊಳಕ್ಕೆ ಎಳೆದುಕೊಳ್ಳಬಹುದಲ್ಲ? ಬೇಸಿಗೆಯ ತಿಂಗಳುಗಳಲ್ಲಿ ಗಡಿಯಾರ ಒಂದು ತಾಸು ಮುಂದೆ ಹೋದರೆ ಎಲ್ಲರೂ ಒಂದು ತಾಸು ಮೊದಲು ಏಳುವರು, ಮೊದಲು ದುಡಿಯುವರು, ಬೆಳಕಿರುವಾಗಲೇ ಬೇಯಿಸಿ ಉಂಡು ಮಲಗುವರು. ಕಾಲಮಂಡಳಿ ಎಂಬುದೊಂದು ದಿಲ್ಲಿಯಲ್ಲಿ ಕೂತು ಈ ಲೆಕ್ಕವನ್ನು ಚೊಕ್ಕಟವಾಗಿ ಮಾಡಿತು.

ಎಲ್ಲ ಸೀಮೆಗಳೂ ಒಪ್ಪಲಿಲ್ಲ. ತೆಂಕಣ ತುದಿಯವರು ಸುಲಭವಾಗಿ ತಪ್ಪಿಸಿಕೊಂಡರು. ಭೂಮಧ್ಯರೇಖೆಗೆ ಹತ್ತಿರ ಇರುವವರಿಗೆ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ಉದ್ದವೇ ಆಗದ ಹಗಲಿನಲ್ಲಿ ಉಳಿಸುವುದೇನನ್ನು ಎಂದು ಅವರು ಕೇಳಿದರು. ಮೂಡಣ ಗುಡ್ಡಗಾಡಿನವರು ತಮ್ಮದೇ ಗಡಿಯಾರ ಪಡೆದರು. ಕಲಬುರಗಿ ಸೀಮೆಯವರು ಕೇಳಿದ್ದು ಮಾತ್ರ ಬೇರೆ. ನಮಗೆ ಬೆಳಕು ಉಳಿಸಿಕೊಡಬೇಡಿ, ನಮ್ಮಲ್ಲಿ ಬೆಳಕು ಎಂದರೆ ಬಿಸಿಲು, ಅದು ಮುಗಿದ ಮೇಲೆಯೇ ನಮ್ಮ ಬದುಕು ಶುರುವಾಗುವುದು ಎಂದರು. ಅಮೆರಿಕದ ಮರುಭೂಮಿಯ ರಾಜ್ಯವೊಂದು ಎಷ್ಟೋ ದಶಕಗಳ ಹಿಂದೆ ಇದೇ ಮಾತು ಹೇಳಿ ಗಡಿಯಾರ ತಿರುಗಿಸುವುದನ್ನು ಬಿಟ್ಟಿತ್ತೆಂದು ಉದಾಹರಣೆ ಕೊಟ್ಟರು.

"ಬಾಯಿಮಾತು ಬೇಡ, ತೋರಿಸಿ" ಎಂದಿತು ಮಂಡಳಿ.

ತೋರಿಸುವುದಕ್ಕಾಗಿಯೇ ಪಟ್ಟಿಗಳು ಬಂದವು. ಮುಂಗೈಗೆ ಕಟ್ಟಿಕೊಳ್ಳುವ ಬೂದು ಬಣ್ಣದ ಪಟ್ಟಿ. ಮೈಯ ಬಿಸಿ, ನಾಡಿ, ಅಲುಗಾಟ ಮೂರನ್ನೂ ಅಳೆದು ಆ ದೇಹ ನಿಜವಾಗಿ ನಿದ್ದೆಗೆ ಇಳಿದದ್ದು ಯಾವಾಗ, ಎದ್ದದ್ದು ಯಾವಾಗ ಎಂದು ಹೇಳುವಂಥದು. ಆ ಮೊದಲ ಬೇಸಿಗೆಯಿಡೀ ಸೀಮೆಯ ಪ್ರತಿಯೊಬ್ಬ ವಯಸ್ಕರೂ ಅದನ್ನು ಕಟ್ಟಿಕೊಂಡಿರಬೇಕು. ಹೊಸ ಗಡಿಯಾರದಿಂದ ಜನರ ನಿದ್ದೆ ಮಂಡಳಿ ಗೊತ್ತುಮಾಡಿದ ಮಿತಿಗಿಂತ ಕೆಳಗಿಳಿದರೆ ಕಲಬುರಗಿ ಸೀಮೆಗೆ ವಿನಾಯಿತಿ; ಇಲ್ಲವಾದರೆ ಎಲ್ಲರಂತೆ ನಡೆಯಬೇಕು. ಪಟ್ಟಿ ಮೈಮೇಲಿದ್ದರೆ ಅದರಲ್ಲಿ ಹಸಿರು ಚುಕ್ಕೆ. ಬಿಚ್ಚಿಟ್ಟರೆ ಕೆಂಪು. ಕೆಂಪು ಬಿದ್ದರೆ ಮರುದಿನ ಆ ಮನೆಯವರಿಗೆ ಊರ ತಂಪುಶಾಲೆಯ ಬಾಗಿಲು ತೆರೆಯುವುದಿಲ್ಲ. ಮಟಮಟ ಮಧ್ಯಾಹ್ನ ಮುದುಕರು, ಬಸುರಿಯರು ಜೀವ ಉಳಿಸಿಕೊಳ್ಳುತ್ತಿದ್ದದ್ದು ಆ ತಂಪುಶಾಲೆಗಳಲ್ಲೇ ಆದ್ದರಿಂದ ಪಟ್ಟಿಯನ್ನು ಯಾರೂ ಬಿಚ್ಚುವಂತಿರಲಿಲ್ಲ.

ಕಲಬುರಗಿಯ ಮಾಪನ ಕೇಂದ್ರದಲ್ಲಿ ಈ ಲಕ್ಷಾಂತರ ಹಸಿರು ಚುಕ್ಕೆಗಳ ಮುಂದೆ ಕೂತಿದ್ದವಳು ಮಹಾನಂದಾ. ಅವಳು ಅಲ್ಲಿಯ ಮುಖ್ಯಸ್ಥೆ. ಐವತ್ತು ದಾಟಿದವಳು, ಒಂಟಿ. ಕಾಗಿಣಾ ದಂಡೆಯ ಮರತಗಿ ಎಂಬ ಕಲ್ಲುಖಣಿಯ ಊರಲ್ಲಿ ಹುಟ್ಟಿ, ಸೋದರಮಾವನ ಮನೆಯಲ್ಲಿದ್ದು ಓದಿ, ಆಮೇಲೆ ಊರಿಗೆ ನೆಂಟಳಾಗಿ ಮಾತ್ರ ಹೋಗಿಬರುತ್ತಿದ್ದವಳು. ಅವಳ ಸರಕಾರಿ ಮನೆಯ ಗೋಡೆಗಳೊಳಗೆ ತಣ್ಣೀರು ಹರಿಯುತ್ತಿತ್ತು. ಕಿಟಕಿ ಮುಚ್ಚಿ ಮಲಗಿದರೆ ಹೊರಗೆ ಯಾವ ಋತು ಎಂಬುದೂ ತಿಳಿಯುತ್ತಿರಲಿಲ್ಲ. ತನ್ನ ಸೀಮೆಗೆ ವಿನಾಯಿತಿ ಸಿಗಬೇಕೆಂದು ಅವಳಿಗೂ ಆಸೆಯಿತ್ತು. ಆದರೆ ಆಸೆಯನ್ನು ಲೆಕ್ಕದೊಳಗೆ ಬಿಟ್ಟುಕೊಳ್ಳಬಾರದೆಂಬ ಶಿಸ್ತೂ ಇತ್ತು. ಆ ಶಿಸ್ತಿನ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ.

ಏಪ್ರಿಲ್ ಕೊನೆಗೆ ಬಂದ ಮೊದಲ ಫಲಿತಾಂಶ ನೋಡಿ ಅವಳಿಗೇ ಅಚ್ಚರಿಯಾಯಿತು. ಗಂಡಸರ ನಿದ್ದೆ ಮಿತಿಗಿಂತ ತುಸು ಮೇಲಿತ್ತು. ಹೆಂಗಸರದು ಬಹಳ ಮೇಲಿತ್ತು. ಕತ್ತಲಾಗುತ್ತಲೇ ಮಲಗುತ್ತಿದ್ದರು, ಎಂಥ ನಿದ್ದೆ! ಅಲುಗಾಟವಿಲ್ಲ, ಎಚ್ಚರವಿಲ್ಲ, ಬಾವಿಗೆ ಬಿಟ್ಟ ಕೊಡದಂತೆ ನೇರ ಕೆಳಕ್ಕೆ.

"ಹಳ್ಳಿ ಹೆಂಗಸರೇ ಪುಣ್ಯವಂತರು ಬಿಡ್ರಿ ಮೇಡಂ. ನಾ ಹಿಂಗ ಮಲಗಿ ಎಷ್ಟು ವರ್ಷ ಆತೋ" ಎಂದು ನಕ್ಕಳು ಅವಳ ಸಹಾಯಕಿ ತಬಸ್ಸುಮ್. ಆಮೇಲೆ ಪರದೆಯ ಹತ್ತಿರ ಮುಖ ತಂದು, "ಒಂದು ನೋಡ್ರಿ ಇಲ್ಲಿ. ನಿದ್ದ್ಯಾಗೂ ನಾಡಿ ಜೋರದ ಇವ್ರದು. ಗಂಡಸರಿಗಿಂತ ಭಾಳ ಜೋರು."

ಮಹಾನಂದಾ ನೋಡಿದಳು. ಅವಳಿಗೆ ಉತ್ತರ ಸಿದ್ಧವಿತ್ತು. "ರಕ್ತ ಕಡಿಮೆ ಇರೋ ಹೆಂಗಸರು, ತಬಸ್ಸುಮ್. ಈ ಸೀಮ್ಯಾಗ ಅದು ಮೊದಲಿಂದ ಇದ್ದದ್ದೇ. ರಕ್ತ ಇಲ್ಲಂದ್ರ ಗುಂಡಿಗಿ ಓಡ್ತದ. ಅಡಿಟಿಪ್ಪಣಿ ಹಾಕು." ಅಡಿಟಿಪ್ಪಣಿ ಬಿತ್ತು.

ಅದೇ ವಾರ ಮರತಗಿಯಿಂದ ತಂಗಿ ಜಗದೇವಿಯ ಫೋನು ಬಂತು. ಜಗದೇವಿ ಅಲ್ಲಿಯ ನೆಲಹಾಸಿನ ಫರಸಿ ಕಲ್ಲಿನ ಕಾರಖಾನೆಯಲ್ಲಿ ಕಲ್ಲು ಕೊರೆದು ನಯಮಾಡುವ ಯಂತ್ರದ ಮುಂದೆ ನಿಲ್ಲುವವಳು. ಗಂಡ ಮಲ್ಕಣ್ಣ ಖಣಿಯಲ್ಲಿ. ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಅಂಬಿಕಾ ಒಂದನೇ ತರಗತಿ.

"ಯಕ್ಕಾ, ಕಣ್ಣಾಗ ಉಸುಕು ಹಾಕಿದಂಗ ಆಗ್ಲಕತ್ತದ" ಎಂದಳು ಜಗದೇವಿ. "ಮಶೀನ್ ಮುಂದ ನಿಂತ್ರ ಕಲ್ಲೇ ನನ್ನ ಕಡಿ ನಡದು ಬಂದಂಗ ಕಾಣಸ್ತದ. ನಿದ್ದೀನೇ ಇಲ್ಲ ನೋಡು."

ಮಹಾನಂದಾ ಮಾಡಬಾರದ ಕೆಲಸವೊಂದನ್ನು ಮಾಡಿದ್ದಳು: ತಂಗಿಯ ಪಟ್ಟಿಯನ್ನು ಹೆಸರು ಹಚ್ಚಿ ತೆರೆದು ನೋಡಿದ್ದಳು. ಪ್ರೀತಿಯಿಂದಲೇ ನೋಡಿದ್ದು. "ನಿನ್ನ ನಿದ್ದಿ ನಾನೇ ನೋಡೀನಲ್ಲ ಜಗದೇವಿ. ಕತ್ತಲಾಗಾದ್ರಾಗ ಮಲಗ್ತಿ, ಛಂದ ಮಲಗ್ತಿ. ನಿದ್ದಿ ಬಂದದ್ದು ನಿಂಗ ತಿಳಿವಲ್ದು, ಅಷ್ಟ. ರಕ್ತದ ಗುಳಿಗಿ ತಗೊ."

"ಹಂಗಂತಿ?" ಎಂದಳು ಜಗದೇವಿ. "ಹಂಗಾದ್ರ ಮಲಗ್ಲಕತ್ತಿರಬೇಕು ಬಿಡು."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಮಹಾನಂದಾ ಒಂದು ಗಳಿಗೆ ನಿಂತು ಯೋಚಿಸುತ್ತಿದ್ದಳೋ ಏನೋ.

ಮೇ ತಿಂಗಳ ನಡುವೆ ಮಲ್ಕಣ್ಣನ ಫೋನು. "ಅಕ್ಕಾರ, ಗಾಬರಿ ಆಗಬ್ಯಾಡ್ರಿ, ಭಾಳೇನಿಲ್ಲ. ಜಗದೇವಿ ಮಶೀನ್ ಮುಂದ ತೂಕಡಿಸ್ಯಾಳ ಅಂತ. ಎರಡು ಬೊಟ್ಟು ಹೋಗ್ಯಾವ, ಬಲಗೈದು."

ಅವಳು ಮರತಗಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಊರೆಂದರೆ ಅದೇ ಬೂದುಗಲ್ಲು: ಗೋಡೆ ಕಲ್ಲು, ನೆಲ ಕಲ್ಲು, ಮಾಳಿಗೆಗೆ ಹಾಸಿದ್ದೂ ಕಲ್ಲೇ. ಹಗಲೆಲ್ಲ ಬಿಸಿಲು ಕುಡಿದ ಕಲ್ಲು ಕತ್ತಲಾದ ಮೇಲೆ ಅದನ್ನು ನಿಧಾನಕ್ಕೆ ಹೊರಗೆ ಬಿಡುತ್ತದೆ. ಒಳಗೆ ಹೆಜ್ಜೆಯಿಟ್ಟರೆ ರೊಟ್ಟಿಯ ಹೆಂಚಿನ ಮೇಲೆ ನಿಂತ ಹಾಗೆ. ಮಹಾನಂದಾಳಿಗೆ ಉಸಿರು ಕಟ್ಟಿತು. ಜಗದೇವಿ ಆಸ್ಪತ್ರೆಯಿಂದ ಬಂದು ಎರಡು ದಿನವಾಗಿತ್ತಷ್ಟೇ. ಬಲಗೈಗೆ ದಪ್ಪ ಬ್ಯಾಂಡೇಜು. ಎಡಗೈಯಲ್ಲಿ ಕೊಡ ಹಿಡಿದು ಮಾಳಿಗೆಯ ಮೆಟ್ಟಿಲು ಹತ್ತುತ್ತಿದ್ದಳು.

"ಇಳಿಸು ಅದನ್ನ! ಬುದ್ಧಿ ಅದಾ ಇಲ್ಲ ನಿಂಗ?"

"ನಾ ಇಳಿಸಿದ್ರ ಯಾರ್ ಹೊರ್ತಾರ ಯಕ್ಕಾ? ಕಲ್ಲು ತಾನಾಗೇ ಆರ್ತದೇನು?"

ಮಹಾನಂದಾ ಕೊಡ ಕಿತ್ತುಕೊಂಡು ತಾನೇ ಹೊತ್ತಳು. ಮಾಳಿಗೆಯ ಮೇಲೆ ಸುರಿದ ನೀರು ಬುಸ್ಸೆಂದು ಹಬೆಯಾಗಿ ಮುಖಕ್ಕೆ ಹೊಡೆಯಿತು. ಸುರಿದ ಜಾಗ ನೋಡನೋಡುತ್ತಲೇ ಒಣಗಿತು. ಮತ್ತೆ ಇಳಿದು ಮತ್ತೆ ತಂದಳು. ಸುತ್ತಲ ಮಾಳಿಗೆಗಳ ಮೇಲೂ ಹೆಂಗಸರು ಹತ್ತುವುದು, ಸುರಿಯುವುದು, ಇಳಿಯುವುದು ಕಾಣುತ್ತಿತ್ತು. ಒಂದು ಮಾಳಿಗೆ ತುಸು ಆರಿತೆಂದರೆ ಮೊದಲು ಗಂಡಸರ ಹಾಸಿಗೆ, ಆಮೇಲೆ ಮುದುಕರದು. ಖಣಿಯಿಂದ ಬಂದ ಮಲ್ಕಣ್ಣ ಉಂಡವನೇ ಹಸಿ ಕಲ್ಲಿನ ಮೇಲೆ ಗೋಣಿ ಹಾಸಿ ಉರುಳಿದ; ಪಾಪ, ಅವನೂ ಸತ್ತು ಸುಣ್ಣವಾಗಿದ್ದ. ಮಗು ಅಂಬಿಕಾ ಮಾಳಿಗೆಯ ತನಕವೂ ಕಾಯಲಿಲ್ಲ. ಮನೆಯಲ್ಲಿ ಸದಾ ತಂಪಾಗಿರುತ್ತಿದ್ದದ್ದು ಬಚ್ಚಲ ಹೊಸ್ತಿಲ ಕಲ್ಲೊಂದೇ. ಅದಕ್ಕೆ ಕೆನ್ನೆ ಆನಿಸಿ ಅಲ್ಲೇ ನಿದ್ದೆ ಹೋಗಿತ್ತು.

ಜಗದೇವಿ ಮುಸುರೆ ತೊಳೆಯಲು ಕೂತಳು. ಕೂರುವ ಮೊದಲು ಎಡ ಮುಂಗೈಯ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, ಬಗ್ಗಿ, ಮಗುವಿನ ಕಾಲಿಗೆ ಸುತ್ತಿ ಒತ್ತಿದಳು. ಕೆಂಪಾಗಲು ಹೊರಟಿದ್ದ ಚುಕ್ಕೆ ಹಸಿರಾಗಿ ನಿಂತಿತು.

ಮಹಾನಂದಾ ಖಾಲಿ ಕೊಡ ಹಿಡಿದು ನಿಂತೇ ಇದ್ದಳು.

"ಏನದು? ಅಂಬಿಕಾನ ಕಾಲಿಗ್ಯಾಕ ಕಟ್ಟಿದಿ?"

"ನೀರು ತಾಗಬಾರದಲ್ಲ ಅದಕ್ಕ. ಬಿಚ್ಚಿಟ್ರ ಕೆಂಪು ಬೀಳ್ತದ. ಮುದುಕಿ ನಮ್ಮತ್ತಿಗಿ ಬಾಗಿಲು ತೆಗಿಯಂಗಿಲ್ಲ ತಂಪುಶಾಲ್ಯಾಗ."

"ದಿನಾ ಹಿಂಗೇ ಮಾಡ್ತೀಯೇನು?"

"ನಾ ಒಬ್ಬಾಕೀನೇನು? ಇಡೀ ಓಣಿ ಮಾಡ್ತದ. ಕೂಸಿಲ್ಲದೋರು ಮಗ್ಗಲ ಮನಿ ಕೂಸಿನ ಕಾಲಿಗೆ ಕಟ್ತಾರ. ಆ ಸಂಗಮ್ಮನ ಮೊಮ್ಮಗನ ಕಾಲಾಗ ನಾಕು ಕುಂತಾವ, ಗೆಜ್ಜಿ ಕಟ್ಟಿದಂಗ!" ಎಂದು ಜಗದೇವಿ ನಕ್ಕಳು. ಅಕ್ಕನ ಮುಖ ನೋಡಿ ನಗು ನಿಲ್ಲಿಸಿದಳು. "ತಪ್ಪೇನು ಯಕ್ಕಾ? ಮೈಮ್ಯಾಲೆ ಇರಬೇಕು ಅಂದ್ರು, ಇಟ್ಟೀವಿ. ಆಕಿ ಮೈ ಬ್ಯಾರೆ ನನ್ನ ಮೈ ಬ್ಯಾರೇನು? ನನ್ನ ಹೊಟ್ಟ್ಯಾಗಿಂದೇ ಬಂದದ್ದಲ್ಲ."

"ಅದು ಹಾಜರಿಗಲ್ಲ ಜಗದೇವಿ. ನೀ ಎಷ್ಟು ಮಲಗ್ತಿ ಅಂತ ನೋಡ್ಲಿಕ್ಕೆ ಕೊಟ್ಟದ್ದು."

"ಯಾರ್ ಹೇಳ್ಯಾರ ನಮಗ? ಪಟ್ಟಿ ತಂದಾಂವ ಹಸಿರು ಇರಬೇಕು, ನೀರು ತಾಗಬಾರದು ಅಂದ, ಹೋದ." ಅವಳು ಬೋಗುಣಿಯೊಂದನ್ನು ಎಡಗೈಯಲ್ಲಿ ತಿಕ್ಕತೊಡಗಿದಳು. "ನೀ ಅವತ್ತು ಫೋನ್‌ನ್ಯಾಗ ಅಂದ್ಯಲ್ಲ, ಛಂದ ಮಲಗ್ತಿ ಅಂತ. ನಂಗೂ ಅನುಮಾನ ಬಂತು ನೋಡು. ಮಲಗ್ಲಕತ್ತೀನಿ, ನಂಗೇ ಗೊತ್ತಾಗವಲ್ದು, ಮೈಗೆ ಮಳ್ಳು ಹಿಡದದ ಅನ್ಕೊಂಡೆ."

ಮಹಾನಂದಾ ಕೊಡ ಇಳಿಸಿ ಬಚ್ಚಲ ಹೊಸ್ತಿಲ ಬಳಿ ಕೂತಳು. ಮಗುವಿನ ಎದೆ ಸಣ್ಣ ಹಕ್ಕಿಯ ಎದೆಯಂತೆ ಬೇಗಬೇಗ ಏರಿಳಿಯುತ್ತಿತ್ತು. ಎಳೆಯ ಮಕ್ಕಳ ನಾಡಿ ದೊಡ್ಡವರದಕ್ಕಿಂತ ಜೋರು ಎಂಬುದು ಯಾವ ತಾಯಿಗೆ ಗೊತ್ತಿಲ್ಲ? ಒಂದು ಸೀಮೆಯ ಮಕ್ಕಳೆಲ್ಲ ಮಲಗಿದ್ದನ್ನು ಅವಳು ತಾಯಂದಿರ ನಿದ್ದೆ ಎಂದು ಓದಿದ್ದಳು. ಬಡಿಯುತ್ತಿದ್ದ ಎಳೆಯ ಗುಂಡಿಗೆಗಳಿಗೆ ರಕ್ತಹೀನತೆ ಎಂದು ಹೆಸರಿಟ್ಟಿದ್ದಳು.

ಅವಳಿಗೆ ಅವ್ವನ ನೆನಪಾಯಿತು. ಇಂಥದೇ ಮಾಳಿಗೆಯ ಮೇಲೆ ತಾನು ಎಷ್ಟು ಬೇಸಿಗೆ ಮಲಗಿದ್ದಳು! ಕಲ್ಲು ಆರುವ ತನಕ ಕಾದು, ಬೂದಿಯ ವಾಸನೆಯ ಕೈಗಳನ್ನು ಸೆರಗಿಗೆ ಒರೆಸುತ್ತ ಅವ್ವ ಎಲ್ಲರಿಗಿಂತ ಕೊನೆಗೆ ಹತ್ತಿ ಬರುತ್ತಿದ್ದಳು. ಬೆಳಗ್ಗೆ ಕಣ್ಣು ಬಿಡುವಷ್ಟರಲ್ಲಿ ಅವಳ ಹಾಸಿಗೆ ಸುತ್ತಿಟ್ಟಿರುತ್ತಿತ್ತು. ಅವ್ವ ಮಲಗಿದ್ದನ್ನು ಮಹಾನಂದಾ ಕಂಡದ್ದೇ ಇಲ್ಲ. ಮಲಗಿರಬೇಕೆಂದು ನಂಬಿದ್ದಳು ಅಷ್ಟೇ. ಗಡಿಯಾರ ಎಲ್ಲಿಗೇ ಹೋಗಲಿ, ಕಲ್ಲು ಆರುವುದು ತನ್ನ ಹೊತ್ತಿಗೇ. ಮುಂಜಾನೆಯ ತುದಿಯಿಂದ ಒಂದು ತಾಸು ಕತ್ತರಿಸಿಕೊಂಡರೆ ಅದು ಯಾರ ತಾಸು ಎಂದು ಈ ಊರಿನ ಯಾವ ಹುಡುಗಿಯೂ ಹೇಳಬಹುದಿತ್ತು. ತಾನೂ ಒಮ್ಮೆ ಅಂಥ ಹುಡುಗಿಯಾಗಿದ್ದಳು.

ಕೇಂದ್ರಕ್ಕೆ ಮರಳಿದ ದಿನವೇ ಅವಳು ತಬಸ್ಸುಮ್‌ಳನ್ನು ಕೂರಿಸಿಕೊಂಡು ಎಲ್ಲವನ್ನೂ ಮೊದಲಿನಿಂದ ಜಾಲಾಡಿದಳು. ಮಗುವಿನ ನಾಡಿಯನ್ನೂ ದೊಡ್ಡವರ ನಾಡಿಯನ್ನೂ ಬೇರ್ಪಡಿಸುವುದು ಕಷ್ಟವಾಗಲಿಲ್ಲ. ಹುಡುಕಬೇಕೆಂಬುದು ತಿಳಿದಿರಬೇಕು, ಅಷ್ಟೇ. ಬೇರ್ಪಡಿಸಿ ನೋಡಿದಾಗ ಹೆಂಗಸರ ಸಾಲಿನಲ್ಲಿ ಪ್ರತಿ ಸಂಜೆಯೂ ಒಂದು ದೊಡ್ಡ ಬಯಲು ತೆರೆದುಕೊಂಡಿತು. ಆ ಹೊತ್ತಿನಲ್ಲಿ ಅವರು ಎಲ್ಲಿದ್ದರು, ಏನು ಮಾಡುತ್ತಿದ್ದರು, ಯಾವಾಗ ಮಲಗಿದರು ಎಂಬುದಕ್ಕೆ ಯಂತ್ರದ ಬಳಿ ಏನೇನೂ ಇರಲಿಲ್ಲ. ಕೆಲವರು ಪಟ್ಟಿಯನ್ನು ಮರಳಿ ಕಟ್ಟಿಕೊಳ್ಳುತ್ತಿದ್ದದ್ದೇ ಬೆಳಗ್ಗೆ.

"ಇದನ್ನ ಹಿಂಗೇ ಬರದ್ರ ಹೆಂಗಸರ ಮ್ಯಾಲೆ ಬರ್ತದ ಮೇಡಂ. ಮೋಸ ಮಾಡ್ಯಾರ ಅಂತಾರ" ಎಂದಳು ತಬಸ್ಸುಮ್.

"ಬರೀದಿದ್ರ ಅವ್ರು ಸುಖದಾಗ ಮಲಗ್ಯಾರ ಅಂತಾಗ್ತದ. ಯಾವುದು ಮೇಲು ಹೇಳು."

ಮಹಾನಂದಾ ಹೆಸರುಗಳನ್ನೆಲ್ಲ ಅಳಿಸಿ, ತಪ್ಪು ಕೇಂದ್ರದ್ದು, ತನ್ನದು ಎಂದು ಮೊದಲ ಸಾಲಿನಲ್ಲೇ ಬರೆದು, ನೀರಿಗೆ ಹೆದರದ ಪಟ್ಟಿಗಳನ್ನು ಕೊಟ್ಟು ಇನ್ನೊಂದು ಬೇಸಿಗೆ ನೋಡಬೇಕೆಂದು ಕೇಳಿಕೊಂಡಳು.

ಚಳಿಗಾಲದಲ್ಲಿ ಮಂಡಳಿಯ ಸಭೆ. ಪರದೆಯ ಮೇಲೆ ಸುನಯನಾ ಭಾರ್ಗವ. ಮಂಡಳಿಯ ಸದಸ್ಯೆ, ಮೆದುಮಾತಿನ ಹೆಂಗಸು. ವರದಿಯನ್ನು ಪೂರ್ತಿ ಓದಿದ್ದಳು, ಅದು ಅವಳ ಪ್ರಶ್ನೆಗಳಿಂದಲೇ ಗೊತ್ತಾಗುತ್ತಿತ್ತು.

"ನಿಮ್ಮ ಪ್ರಾಮಾಣಿಕತೆಯನ್ನು ಎಲ್ಲರೂ ಮೆಚ್ಚಿದ್ದಾರೆ ಮಹಾನಂದಾ ಅವರೇ. ಯಾರ ಮೇಲೂ ಕ್ರಮವಿಲ್ಲ, ಅದನ್ನು ನಾನೇ ನೋಡಿಕೊಂಡಿದ್ದೇನೆ. ಆದರೆ ಮತ್ತೊಂದು ಬೇಸಿಗೆಯ ಪರೀಕ್ಷೆಗೆ ಅವಕಾಶವಿಲ್ಲ. ಕೆಟ್ಟಿರುವ ಭಾಗವನ್ನು ಕೈಬಿಟ್ಟಿದ್ದೇವೆ. ಉಳಿದದ್ದರ ಮೇಲೆ ತೀರ್ಮಾನ."

"ಕೆಟ್ಟಿರುವ ಭಾಗ ಅಂದರೆ ಹೆಂಗಸರದು."

"ಹೌದು."

"ಉಳಿದದ್ದು ಗಂಡಸರದು."

"ಅದು ಶುದ್ಧವಾಗಿದೆ. ಅವರ ನಿದ್ದೆ ಮಿತಿಗಿಂತ ಮೇಲಿದೆ. ಮುಂಜಾನೆಯ ತಂಪಿನಲ್ಲಿ ಕೆಲಸ ಶುರುವಾಗುವುದು ಅವರಿಗೂ ಒಳ್ಳೆಯದೇ ಅಲ್ಲವೇ?"

"ಅವರು ಮಲಗುವುದು ಹೆಂಗಸರು ಕಲ್ಲು ಆರಿಸಿಕೊಡುವುದರಿಂದ, ಮೇಡಂ."

ಸುನಯನಾ ಭಾರ್ಗವ ಒಂದು ಗಳಿಗೆ ಕಣ್ಣು ತಗ್ಗಿಸಿದಳು. ಅವಳ ಕಣ್ಣ ಕೆಳಗೂ ಕಪ್ಪು ಇತ್ತು. "ನಾನು ನಂಬುತ್ತೇನೆ" ಎಂದಳು. "ಆದರೆ ಅದು ನಮ್ಮೆದುರಿನ ಮಾಹಿತಿಯಲ್ಲಿ ಇಲ್ಲ."

ಕಲಬುರಗಿ ಸೀಮೆಗೆ ವಿನಾಯಿತಿ ಇಲ್ಲ, ಗಡಿಯಾರ ಇನ್ನು ಪ್ರತಿ ಬೇಸಿಗೆಯೂ ಮುಂದಕ್ಕೆ ಎಂದು ಆದೇಶ ಬಂತು. ಹೆಂಗಸರ ಪಟ್ಟಿಗಳನ್ನು ಮರಳಿ ಸಂಗ್ರಹಿಸಲಾಯಿತು. ಸುದ್ದಿ ಹೇಳಲು ಫೋನು ಮಾಡಿದಾಗ ಜಗದೇವಿ ಸಿಟ್ಟಾಗಲಿಲ್ಲ. "ಹೋಗ್ಲಿ ಬಿಡು ಯಕ್ಕಾ. ಕೂಸಿನ ಕಾಲಿಗೆ ಒತ್ತಿ ಗಾಯ ಆಗಿತ್ತು" ಎಂದಳು. ಆ ಸಮಾಧಾನದ ಮಾತನ್ನು ತಾಳಿಕೊಳ್ಳುವುದು ಮಹಾನಂದಾಳಿಗೆ ಬೈಗಳಿಗಿಂತ ಕಷ್ಟವಾಯಿತು.

ಮರುವರ್ಷ ಗಡಿಯಾರ ತಿರುಗುವ ಹಿಂದಿನ ದಿನ ಅವಳು ರಜೆ ಹಾಕಿ ಮರತಗಿಗೆ ಹೋದಳು. ಹೋಗಿ ಮಾಡುವುದೇನೆಂದು ಅವಳಿಗೇ ಗೊತ್ತಿರಲಿಲ್ಲ. ಆ ವರ್ಷ ಬಿಸಿಲು ಶಿವರಾತ್ರಿಗೇ ಏರಿತ್ತು. ಜಗದೇವಿಗೆ ಈಗ ಬಲಗೈಯಲ್ಲಿ ಮೂರೇ ಬೆರಳು. ಕಾರಖಾನೆಯವರು ಯಂತ್ರದಿಂದ ತೆಗೆದು, ಕಲ್ಲು ಒರೆಸಿ ಪೇರಿಸುವ ಕಡೆ ಹಾಕಿದ್ದರು. ತಡಮಾಡಿದರೆ ಆ ಜಾಗಕ್ಕೆ ಇನ್ನೊಬ್ಬಳು ಕಾಯುತ್ತಿದ್ದಾಳೆಂದು ಮೊದಲೇ ಹೇಳಿದ್ದರು. ಅಕ್ಕತಂಗಿ ಇಬ್ಬರೂ ಸೇರಿ ನೀರು ಹೊತ್ತರು. ಇಬ್ಬರೂ ಸೇರಿ ಮುಸುರೆ ತಿಕ್ಕಿದರು. ಒಂದು ಕೆಲಸ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ತಲೆಯೆತ್ತುತ್ತಿತ್ತು: ನಾಳೆಯ ಬುತ್ತಿಗೆ ಹಿಟ್ಟು, ನಲ್ಲಿ ಬರುವ ಹೊತ್ತಿಗೆ ಕೊಡ ಸಾಲು ಹಚ್ಚುವುದು, ಅತ್ತೆಗೆ ಕಾಲೊತ್ತುವುದು. ನಡುವೆ ಜಗದೇವಿ ಏನೇನೋ ಹಳೆಯದು ನೆನೆಸಿ ನಗುತ್ತಿದ್ದಳು. ಮೆಟ್ಟಿಲು ಹತ್ತಿ ಹಾಸಿಗೆ ಚೆಲ್ಲಿದಾಗಲೂ ಕಲ್ಲು ಬೆನ್ನಿಗೆ ಬೆಚ್ಚಗಿತ್ತು. ಹೊರಳಿ ಹೊರಳಿ, ಸೆರಗಿನಿಂದ ಬೀಸಿಕೊಂಡು, ಮಾತಾಡುತ್ತ ಆಡುತ್ತ, ಕೊನೆಗೆ ಯಾವಾಗಲೋ ಒಂದು ವಾಕ್ಯದ ನಡುವೆ ಜಗದೇವಿಯ ದನಿ ನಿಂತಿತು.

ಮಹಾನಂದಾ ಮಲಗಲಿಲ್ಲ. ಬದಿಗೆ ಕೂತು ತಂಗಿಯ ಮುಖ ನೋಡುತ್ತಿದ್ದಳು. ನಿದ್ದೆಯೆಂದರೆ ಹೀಗಿರುತ್ತದೆಯೇ! ಬಾಯಿ ತುಸು ತೆರೆದಿತ್ತು. ಹಣೆಯ ಗೆರೆಗಳು ಯಾರೋ ಒರೆಸಿದಂತೆ ಮಾಯವಾಗಿದ್ದವು. ಮೂರು ಬೆರಳಿನ ಕೈ ಎದೆಯ ಮೇಲೆ ಅಂಗಾತ ಬಿದ್ದಿತ್ತು, ಯಾರಿಗೂ ಏನೂ ಕೊಡಬೇಕಾಗಿಲ್ಲ ಎಂಬಂತೆ. ಗಾಳಿ ತಣ್ಣಗಾಗುತ್ತ ಬಂತು. ಮೂಡಲು ಇನ್ನೂ ಕಪ್ಪಗೇ ಇತ್ತು.

ಅಷ್ಟರಲ್ಲಿ, ರಾತ್ರಿ ಒಂದು ತಾಸು ಮುಂದೆ ಹೋದ ಗಡಿಯಾರದ ಲೆಕ್ಕಕ್ಕೆ, ಓಣಿಯ ತುದಿಯಲ್ಲಿ ಕಾರಖಾನೆಯ ಗಾಡಿ ಹಾರ್ನು ಹೊಡೆಯಿತು. ಜಗದೇವಿ ಅಲುಗಲಿಲ್ಲ. ಎರಡನೆಯ ಸಲ ಹೊಡೆಯಿತು. ಕೆಳಗೆ ಬಾಗಿಲುಗಳು ತೆರೆದುಕೊಂಡವು. ಡಬ್ಬಿ ಹಿಡಿದ ಹೆಂಗಸರು ಗೋಡೆ ತಡವುತ್ತ ಕತ್ತಲಲ್ಲಿ ಗಾಡಿಯ ಕಡೆ ನಡೆದರು. "ಏ ಜಗದೇವಿ, ಬರ್ತಿ ಇಲ್ಲ?" ಎಂದು ಯಾರೋ ಕೂಗಿ ಮುಂದೆ ಹೋದರು.

ಎಬ್ಬಿಸದೆ ಬಿಟ್ಟರೆ ಈ ಒಂದು ನಿದ್ದೆ ಉಳಿಯುತ್ತಿತ್ತು, ಕೆಲಸ ಹೋಗುತ್ತಿತ್ತು. ಮಹಾನಂದಾ ಗಾಡಿಯ ದೀಪದ ಕಡೆ ನೋಡಿದಳು, ತಂಗಿಯ ಕಡೆ ನೋಡಿದಳು. ಆಮೇಲೆ ಬಗ್ಗಿ, ಎರಡು ಬೆರಳಿಲ್ಲದ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದಳು.

"ಏಳವ್ವ ಜಗದೇವಿ, ಏಳು. ಹೊತ್ತಾಗ್ಯಾದ" ಎಂದಳು.

ಹೊತ್ತಾಗಿರಲಿಲ್ಲ. ಮೇಲೆ ಆಕಾಶದಲ್ಲಿ ಚಿಕ್ಕಿಗಳು ಇನ್ನೂ ಮಿನುಗುತ್ತಿದ್ದವು. ಜಗದೇವಿ ಕಣ್ಣು ಬಿಟ್ಟು ಅವನ್ನು ನೋಡಿದಳು, ಅಕ್ಕನನ್ನು ನೋಡಿದಳು. ಏನೂ ಕೇಳದೆ ಎದ್ದು ಕೂದಲು ಗಂಟು ಹಾಕಿಕೊಂಡಳು.